ಉಚ್ಛಬನ ಬಾಯಿ

ನನ್ನ ಮೈದುನ ಉಚ್ಛಬ ಬೆಹೆರಾ ಚಿಲಿಕಾ ಸರೋವರದ ಹಕ್ಕಿಗಳನ್ನು ಬಲ್ಲಷ್ಟು ಹೆಂಡತಿ ಮಕ್ಕಳನ್ನೂ ಬಲ್ಲವನಲ್ಲ. ಆಕಾಶದಲ್ಲಿ ಎಳ್ಳುಕಾಳಿನಷ್ಟು ಕಂಡರೆ ಸಾಕು, ಯಾವ ಬಾತು, ಹೆಣ್ಣೋ ಗಂಡೋ, ಹೊಟ್ಟೆ ತುಂಬಿದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಹೇಗೆ ಗೊತ್ತು ಅಂದರೆ, ಮೂವತ್ತು ವರ್ಷ ಅವನ್ನೇ ಹಿಡಿದು ತಿಂದವನು. ನಮ್ಮೂರಲ್ಲಿ ತಿನ್ನದವರು ಯಾರಿದ್ದರು ಹೇಳಿ.

ಆಮೇಲೆ ಊರವರೆಲ್ಲ ಇನ್ನು ಹಕ್ಕಿ ಹಿಡಿಯುವುದಿಲ್ಲವೆಂದು ಕಾಳಿಜಾಯಿ ತಾಯಿಯ ಎದುರು ಆಣೆಯಿಟ್ಟು ಹಕ್ಕಿಬಲೆ ಸುಟ್ಟರು. ಹಕ್ಕಿ ನೋಡಲು ಬರುವವರನ್ನು ದೋಣಿಯಲ್ಲಿ ಕರೆದೊಯ್ಯುವ ಕೆಲಸ ಶುರುವಾಯಿತು. ಊರ ಸಮಿತಿ ಉಚ್ಛಬನಿಗೂ ಒಂದು ದೋಣಿ, ಒಂದು ದುರ್ಬೀನು, ಕೊರಳಿಗೊಂದು ಬಿಲ್ಲೆ ಕೊಟ್ಟಿತು. ಅವನು ಆಣೆಗೆ ತಪ್ಪಲಿಲ್ಲ, ಒಂದು ಮೊಟ್ಟೆಯನ್ನೂ ಮುಟ್ಟಲಿಲ್ಲ. ಆದರೆ ಬಾಯಿ ಯಾವ ಆಣೆಯನ್ನೂ ಇಟ್ಟಿರಲಿಲ್ಲವಲ್ಲ.

ಕಲ್ಕತ್ತೆಯ ಒಬ್ಬ ಹೆಂಗಸು, ನೇರಳೆ ಮೈಯ ಜಂಬುಕೋಳಿ ನೋಡಿ, "ಎಷ್ಟು ಚೆಂದ! ಅದ್ಯಾವ ಹಕ್ಕಿ?" ಅಂದಳು.

"ಅದಾ ತಾಯಿ? ಸ್ವಲ್ಪ ಕೆಸರು ವಾಸನೆ. ಚರ್ಮ ಸುಲಿದು ಬೆಳ್ಳುಳ್ಳಿ ಜಾಸ್ತಿ ಹಾಕ್ಬೇಕು," ಅಂದ ನಮ್ಮವನು.

ಆಕೆ ದಡ ಮುಟ್ಟುವವರೆಗೂ ಅತ್ತಳು. ಅವಳ ಗಂಡ ಮಾತ್ರ ಬರೆದುಕೊಂಡನಂತೆ.

ಇಂಥ ದೂರು ಮೂರಾದ ಮೇಲೆ ಸಮಿತಿಯ ಯಜಮಾನ ಗೌರಾಂಗ ಜೇನಾ ಮನೆಗೇ ಬಂದ. "ಏನೋ ಉಚ್ಛಬ, ನೀನು ನಡೆಸ್ತಿರೋದು ದೋಣಿಯೋ ಹೋಟ್ಲೋ? ಭುವನೇಶ್ವರದಿಂದ ಮಹಾಪಾತ್ರ ಬಾಬು ಬರ್ತಾರೆ, ಹಕ್ಕಿ ವಿಷಯದಲ್ಲಿ ದೊಡ್ಡ ಪಂಡಿತ್ರು. ನಿನ್ನನ್ನ ಪರೀಕ್ಷೆ ಮಾಡ್ತಾರೆ. ಅವರೆದುರು ರುಚಿ ಸುದ್ದಿ ಎತ್ತಿದ್ಯೋ, ಬಿಲ್ಲೆನೂ ಹೋಯ್ತು, ದೋಣಿನೂ ಹೋಯ್ತು!"

ಉಚ್ಛಬನಿಗೆ ಗದ್ದೆಯಿಲ್ಲ. ಮೀನಿನ ಬಲೆ ಬೀಸಿದರೆ ಅದರಲ್ಲಿ ತಾನೇ ಸಿಕ್ಕಿಕೊಳ್ಳುವವನು. ಆ ದೋಣಿ ಹೋದರೆ ಬದುಕೇ ಹೋದಂತೆ. "ಅತ್ತಿಗೆ, ನೀನೇ ಉಳಿಸ್ಬೇಕು," ಎಂದು ನನ್ನ ಅಂಗಳದಲ್ಲಿ ಬಂದು ಕೂತ.

ಶಾಲೆ ಮೇಷ್ಟ್ರಿಂದ ಹಕ್ಕಿಗಳ ಚಿತ್ರದ ಪುಸ್ತಕ ತಂದು ಬಾಯಿಪಾಠ ಮಾಡಿಸಿದೆ. ಆಗ ಕಾರ್ತಿಕ ಮಾಸ. ತಿಂಗಳು ಪೂರ್ತಿ ನಮ್ಮಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ, ಹೆಸರೆತ್ತಿದರೂ ನಾನು ಬೈಯುತ್ತಿದ್ದೆ.

"ಇದ್ಯಾವುದು?"

"ಸೂಜಿಬಾಲದ ಬಾತು."

"ಎಲ್ಲಿಂದ ಬರುತ್ತೆ?"

"ಉತ್ತರದ ಹಿಮದ ನಾಡಿಂದ."

"ಯಾಕೆ ಬರುತ್ತೆ?"

"ಮೈ ತುಂಬಿಸ್ಕೊಳ್ಳೋಕೆ," ಎಂದು ಎಂಜಲು ನುಂಗಿದ.

"ನುಂಗ್ಬೇಡ!"

"ಗಾಳಿ ನುಂಗಿದೆ ಅತ್ತಿಗೆ."

ಪರೀಕ್ಷೆಯ ದಿನ ಯಾವುದೆಂದು ತಿಳಿದಾಗ ಹಣೆ ಚಚ್ಚಿಕೊಂಡೆ. ಗೌರಾಂಗ ಪಂಚಾಂಗ ನೋಡದೆ ಒಪ್ಪಿಬಿಟ್ಟಿದ್ದ. ನಮ್ಮಲ್ಲಿ ಕಾರ್ತಿಕ ಮಾಸ ಹುಣ್ಣಿಮೆಗೇ ಮುಗಿಯುತ್ತದೆ; ಅದರ ಮಾರನೆಯ ದಿನ, ಛಾಡಖಾಯಿ! ತಿಂಗಳೆಲ್ಲ ಸೊಪ್ಪು ತಿಂದ ಜನ ಬೆಳಗಾಗುವ ಮೊದಲೇ ಮಾಂಸದ ಅಂಗಡಿಯೆದುರು ಸಾಲು ನಿಲ್ಲುವ ದಿನ.

ಬಾಬು ಬಡಕಲು ಮನುಷ್ಯ. ಮನೆಯಲ್ಲಿ ಒಲೆ ಹೊತ್ತುವ ಮೊದಲೇ ಹೊರಟು ಬಂದಿದ್ದರು. ಉಚ್ಛಬನ ನಾಲಗೆ ಜಾರಿದರೆ ಬೆನ್ನಿಗೆ ಗುದ್ದೋಣವೆಂದು ನಾನೂ ದೋಣಿ ಹತ್ತಿದೆ. ಅವನು ಗಳ ಹಾಕುತ್ತ, ಬಾಬು ಬೆರಳು ತೋರಿಸಿದ್ದಕ್ಕೆಲ್ಲ ಟಪಟಪ ಉತ್ತರ ಕೊಟ್ಟ. ಚಕ್ರವಾಕ, ಗೊರವ, ಗರುಡ, ಹನ್ನೊಂದು ಹಕ್ಕಿ ಸರಿಯಾಯಿತು. ಅಷ್ಟರಲ್ಲಿ ಹಾಳು ಗಾಳಿ ತಿರುಗಿತು. ಊರಿನ ಅಷ್ಟೂ ಒಲೆಗಳಿಂದ ಈರುಳ್ಳಿ ಹುರಿಯುವ ವಾಸನೆ ನೀರಿನ ಮೇಲೆ ತೇಲಿ ಬಂತು.

"ಅದು?" ಅಂದರು ಬಾಬು.

"ಸೂಜಿಬಾಲದ ಬಾತು. ಮೊದ್ಲು ಸಾಸಿವೆ ಎಣ್ಣೆನ ಹೊಗೆಯಾಡೋವರೆಗೆ ಕಾಯಿಸ್ಬೇಕು..."

ಗುದ್ದಿದೆ. ಉಪಯೋಗವಾಗಲಿಲ್ಲ. ಬಾಬುವಿನ ಪೆನ್ಸಿಲ್ ನಿಂತಿತು. ದೋಣಿ ಹೋಯಿತು ಅಂದುಕೊಂಡೆ.

"ಆಮೇಲೆ?" ಅಂದರು ಬಾಬು, ಮೆಲ್ಲಗೆ.

"ಆಮೇಲೆ ಶುಂಠಿ, ಜೀರಿಗೆ."

"ಗಸಗಸೆ?"

"ಛೇ, ಗಸಗಸೆ ಹಾಕಿದ್ರೆ ಕೆಟ್ಟೋಯ್ತು."

"ನಮ್ಮಜ್ಜಿ ಹಾಕ್ತಿದ್ಳು ಕಣಯ್ಯ!"

"ಹಾಗಾದ್ರೆ ನಿಮ್ಮಜ್ಜಿಗೆ ಅಡಿಗೆ ಬರ್ತಿರ್ಲಿಲ್ಲ ಬಾಬು."

ಅಜ್ಜಿಯ ಮಾನಕ್ಕಾಗಿ ಬಾಬು ಎದ್ದು ನಿಂತರು. ದೋಣಿ ಗಿರ್ರನೆ ತಿರುಗಿತು. ಗಸಗಸೆ ಬೇಕೋ ಬೇಡವೋ ಎಂದು ಇಬ್ಬರೂ ಕೂಗಾಡುವಾಗ ಬಾತುಗಳು ಹಾರಿಹೋಗದೆ ಕತ್ತು ನೀಡಿ ನೋಡುತ್ತಿದ್ದವು.

ದಡದಲ್ಲಿ ಗೌರಾಂಗನ ಮುಖ ಕಂಡಾಗಲೇ ಬಾಬುಗೆ ತಾವು ಯಾರೆಂದು ನೆನಪಾದದ್ದು. ಕನ್ನಡಕ ಒರೆಸಿಕೊಂಡು, "ಈ ನೀರಲ್ಲಿ ಹಕ್ಕಿಗಳನ್ನ ಇವನಷ್ಟು ಬಲ್ಲವರಿಲ್ಲ. ಆದ್ರೆ ಇವನು ಜನರೆದುರು ಬಾಯಿ ತೆರೀಬಾರ್ದು," ಅಂದರು.

ಉಚ್ಛಬ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದ. ಬಾಬು ನನ್ನ ಬಿಳಿ ಸೀರೆ ನೋಡಿದರು.

"ನೀವು ಮಾಂಸ ತಿಂತೀರೇನಮ್ಮಾ?"

"ನಮ್ಮ ಮನೆ ಯಜಮಾನ್ರು ಹೋದ ಮೇಲೆ ಇಲ್ಲ ಬಾಬು. ಇಪ್ಪತ್ತೆರಡು ವರ್ಷವಾಯ್ತು."

"ರುಚಿ ನೆನಪಿದ್ಯಾ?"

"ಮರೆತೇ ಹೋಗಿದೆ," ಅಂದೆ. ಕಾಳಿಜಾಯಿ ಕ್ಷಮಿಸಲಿ.

ಅಂದಿನಿಂದ ಅವನ ದೋಣಿಯಲ್ಲಿ ಮಾತು ನನ್ನದು. ಅವನು ನನ್ನ ಕಿವಿಯಲ್ಲಿ ಹೇಳುತ್ತಾನೆ, ನಾನು ಬಂದವರಿಗೆ ಹೇಳುತ್ತೇನೆ. ಮೊದಲನೆಯ ದಿನವೇ ಕಟಕದ ಒಬ್ಬ ಹುಡುಗಿ ಒಂದು ಬಾತು ತೋರಿಸಿದಳು. ಉಚ್ಛಬ ನನ್ನ ಕಿವಿಗೆ ಬಾಯಿಟ್ಟು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಪಿಸುಗುಟ್ಟಿದ.

"ಹಿಮದ ನಾಡಿನ ಹಕ್ಕಿ," ಅಂದೆ ನಾನು.

"ಇಷ್ಟೇನಾ? ಅವರು ಅಷ್ಟೊತ್ತು ಹೇಳಿದ್ರಲ್ಲ?"

"ಮಿಕ್ಕಿದ್ದು ನಮ್ಮ ಮನೆ ಮಾತು ಕಣಮ್ಮಾ," ಅಂದೆ.