ನಾಲ್ಕು ಬೆರಳು ಹೊತ್ತು

ಸಂಜೆಯಾದರೆ ಸಾಕು, ಎದುರುಮನೆ ಅಕ್ಕ ಜಗುಲಿಗೆ ಬಂದು ಬಲಗೈ ಚಾಚಿ, ಗಂಟು ಕಟ್ಟಿದ ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ, ಒಂದು ಕಣ್ಣು ಮುಚ್ಚಿಕೊಂಡು ಸೂರ್ಯನನ್ನು ಅಳೆಯುತ್ತಿದ್ದರು. ನೀರಿನ ಟ್ಯಾಂಕಿನ ನೆತ್ತಿಗೂ ಸೂರ್ಯನಿಗೂ ನಡುವೆ ನಾಲ್ಕು ಬೆರಳು ಉಳಿಯಿತೆಂದರೆ ಊಟಕ್ಕೆ ಏಳಬೇಕು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಗೋಡೆಯ ಮೇಲೆ ಗಡಿಯಾರವಿತ್ತು. ಆದರೂ ಅವರಿಗೆ ಬೆರಳೇ ಬೇಕು.

ಚನ್ನರಾಯಪಟ್ಟಣದ ಆ ಬೀದಿಯಲ್ಲಿ ನಾನು ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಕಾಲ ಅದು. ಲಕ್ವ ಹೊಡೆದು ಅಪ್ಪ ಹಾಸಿಗೆ ಹಿಡಿದಿದ್ದರು. ನನಗಿದ್ದದ್ದು ಒಂದೇ ಭಯ: ನಾನು ಎದ್ದು ಹೋದ ಗಳಿಗೆಯಲ್ಲೇ ಅಪ್ಪ ಹೋಗಿಬಿಟ್ಟರೆ? ಸ್ನಾನಕ್ಕೆ ಹೋದರೂ ಬಾಗಿಲು ಅರೆ ತೆರೆದೇ ಇರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು, ಬಂದು ಅಪ್ಪನ ಉಸಿರು ನೋಡಿ ಹೋಗುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ಹೊಳೆನರಸೀಪುರದಿಂದ ನೋಡಲು ಬಂದ ನಮ್ಮ ಚಿಕ್ಕಮ್ಮ, "ಮಗಳು ಅಂದ್ರೆ ಇಂಗಿರ್ಬೇಕು. ಅನ್ನ ನೀರು ಬಿಟ್ಟು ನೋಡ್ಕತಾವ್ಳೆ" ಅಂತ ಬೀದಿಗೆಲ್ಲ ಸಾರಿ ಹೋದಳು. ಆ ಹೊಗಳಿಕೆಗಿಷ್ಟು ಬೆಂಕಿ ಹಾಕ.

ಅಕ್ಕ ಅದನ್ನು ಕೇಳಿಸಿಕೊಂಡಿರಬೇಕು. ಮಾರನೆಯ ಸಂಜೆ ನೇರ ಒಳಗೆ ಬಂದು, ಅಪ್ಪನ ಪಕ್ಕದ ಸ್ಟೂಲಿನಿಂದ ನನ್ನನ್ನು ಎಬ್ಬಿಸಿ ತಾವು ಕೂತರು.

"ನಂದು ಉಂಡಾಯ್ತು. ನಿಂಗೂ ತಟ್ಟೆ ಹಾಕಿದೀನಿ, ಓಗಿ ಉಂಡ್ಕಂಡ್ ಬಾ."

"ಆಮೇಲೆ ಓಗ್ತೀನಿ ಅಕ್ಕ."

"ನಮ್ಮನೇಲಿ ಆಮೇಲೆ ಅನ್ನೋದಿಲ್ಲ ಕಣವ್ವ. ಒತ್ತು ಮುಳುಗುದ್ರೆ ಪಾತ್ರೆ ತೊಳ್ದು ಬೋರಲು ಹಾಕ್ಬುಡ್ತೀನಿ."

"ಇಲ್ಲಿಗೇ ತಂದ್ಕೊಡಿ ಮತ್ತೆ."

"ತರಾಕಿಲ್ಲ. ತಂದ್ರೆ ಒಂದ್ ಕಣ್ಣು ತಟ್ಟೆ ಮೇಲೆ, ಇನ್ನೊಂದು ಅಪ್ಪಯ್ಯನ ಎದೆ ಮೇಲೆ ಮಡಿಕ್ಕಂಡು ಉಣ್ತೀಯ."

ಸಿಟ್ಟಿನಲ್ಲೇ ರಸ್ತೆ ದಾಟಿದೆ. ಈರುಳ್ಳಿ ಇಲ್ಲದ ಅವರೆಕಾಳು ಸಾರು, ಮುದ್ದೆ. ರುಚಿ ಯಾರಿಗೆ ಬೇಕಿತ್ತು? ಕಿವಿ ನಮ್ಮ ಮನೆಯಲ್ಲೇ ಇತ್ತು. ಒಂದು ಕೆಮ್ಮು ಕೇಳಿಸಿತು. ಎಂಜಲು ಕೈಯಲ್ಲೇ ಓಡಿಬಂದೆ. ಅಪ್ಪ ಗೊರಕೆ ಹೊಡೆಯುತ್ತಿದ್ದರು.

"ಕೆಮ್ಮಿದ್ದು ನಾನು," ಅಂದರು ಅಕ್ಕ. "ಓಗು, ಮಜ್ಜಿಗೆ ಅನ್ನ ಉಳ್ಕಂಡದೆ."

ಇದು ದಿನದ ಪಾಡಾಯಿತು. ಒಂದು ದಿನ ಚಿಕ್ಕಮ್ಮ ಬಂದು ಅಪ್ಪನ ಬಳಿ ಕೂತಿದ್ದಾಗ, ತಡೆಯಲಾರದೆ ಅಕ್ಕನ ಅಡುಗೆಮನೆಗೇ ಹೋಗಿ ಕೇಳಿಬಿಟ್ಟೆ: "ನಾನಿಲ್ದಿದ್ದಾಗ ಅಪ್ಪಂಗೆ ಏನಾದ್ರೂ ಆದ್ರೆ ನೀವು ಬಂದು ಉತ್ತರ ಹೇಳ್ತೀರಾ?"

ಅಕ್ಕ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ತಲೆಯೆತ್ತಲಿಲ್ಲ.

"ನಮ್ಮತ್ತೆ ಮಲಗಿದ್ದಾಗ ದಿನಾ ನಂಗೆ ಒತ್ತು ಮುಳುಗೋಗದು. ಆಮೇಲೆ ಉಣ್ಣಂಗಿಲ್ವಲ್ಲ, ಅಂಗೇ ಮಲಗ್ತಿದ್ದೆ. ಉಪವಾಸ, ಪುಣ್ಯ ಬತ್ತದೆ ಅನ್ಕಂಡಿದ್ದೆ. ಸಂಕಲ್ಪ ಮಾಡಿ ಅನ್ನ ಬುಟ್ರೆ ಉಪವಾಸ ಕಣವ್ವ. ಮರ್ತು ಬುಟ್ರೆ ಅದು ಬರೀ ಅಸಿವು. ಒಂದಿನ ಸೀರೆ ಬದಲಾಯಿಸುವಾಗ ಸಿಡುಕಿ ಅವರ ತೋಳು ಇಡ್ದು ಎಳ್ದುಬುಟ್ಟೆ. ಆವತ್ತಿಂದ ನಾನು ಅತ್ರಕ್ಕೆ ಬಂದ್ರೆ ಸಾಕು, ತೋಳು ಒಳಕ್ಕೆ ಎಳ್ಕಳೋರು. ಸಾಯೋಗಂಟ." ಬಟ್ಟೆ ಬಿಚ್ಚಿ ಹಿಂಡಿದರು. "ಅಸಿದ ಕೈ ಒರಟು."

ಆ ಸಂಜೆ ಅಪ್ಪನನ್ನು ಮಗ್ಗುಲು ಬದಲಿಸುವಾಗ ಅವರ ತೋಳನ್ನೇ ನೋಡುತ್ತಿದ್ದೆ. ಎಳೆದುಕೊಳ್ಳಲಿಲ್ಲ. ಕೂತು ಅತ್ತುಬಿಟ್ಟೆ. ಮಾರನೆಯ ದಿನದಿಂದ ಅಕ್ಕ ಬರುವ ಮೊದಲೇ ಎದ್ದು ನಿಂತಿರುತ್ತಿದ್ದೆ. ಹೆದರಿಕೆ ಹೋಯಿತು ಅಂತಲ್ಲ. ಹೆದರಿಕೊಂಡೇ ಉಣ್ಣುವುದನ್ನು ಕಲಿತೆ.

ಕೊನೆಗೆ ಅಪ್ಪ ಹೋದದ್ದು ಒಂದು ಬೆಳಿಗ್ಗೆ, ನನ್ನ ಕೈಯಿಂದ ಗಂಜಿ ಕುಡಿದ ಮೇಲೆ. ನಾನು ಪಕ್ಕದಲ್ಲೇ ಇದ್ದೆ.

ಕಳೆದ ವರ್ಷ ಅಕ್ಕನಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಅರಕಲಗೂಡಿನಲ್ಲಿದ್ದ ಅವರ ಮಗಳು ಬರುವ ತನಕ ನಾನು ಜೊತೆಗಿದ್ದೆ. ವಾರ್ಡಿನ ಕಿಟಕಿ ಪಡುವಣಕ್ಕಿತ್ತು. ಬಿಸಿಲು ಗೋಡೆಯಿಂದ ಜಾರುತ್ತಿತ್ತು. ಅಕ್ಕನಿಗೆ ಕೈ ಎತ್ತಲಾಗಲಿಲ್ಲ. ಹೊದಿಕೆಯ ಮೇಲೇ ನಾಲ್ಕು ಬೆರಳು ಜೋಡಿಸಿದರು.

"ಓಗು. ಉಣ್ಣು."

"ಇವತ್ತೊಂದಿನ ಬ್ಯಾಡ ಅಕ್ಕ."

ಮುಖ ಆಚೆ ತಿರುಗಿಸಿಕೊಂಡರು. ಆ ಮುನಿಸು ನನಗೆ ಗೊತ್ತು, ಉಣ್ಣದೆ ಅದು ಇಳಿಯುವುದಿಲ್ಲ. ನರ್ಸಮ್ಮನಿಗೆ ಹೇಳಿ ಕೆಳಗಿನ ಕ್ಯಾಂಟೀನಿಗೆ ಹೋದೆ. ಚಿತ್ರಾನ್ನ ತಿನ್ನುವಾಗ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ತಟ್ಟೆ ಖಾಲಿ ಮಾಡಿದೆ.

ಮೇಲೆ ಬಂದಾಗ ಮಂಚದ ಸುತ್ತ ಪರದೆ ಎಳೆದಿದ್ದರು. ಅಕ್ಕ ಹೋಗಿಬಿಟ್ಟಿದ್ದರು. ಅಪ್ಪನ ವಿಷಯದಲ್ಲಿ ನಾನು ಅಷ್ಟು ದಿನ ಹೆದರಿದ್ದದ್ದು ಇಲ್ಲಿ ಆಗಿಹೋಗಿತ್ತು. ಆಗತಾನೇ ಬಸ್ಸಿಳಿದು ಬಂದ ಮಗಳು ಬ್ಯಾಗು ಕೆಳಗಿಡುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು.

"ನೀವೆಲ್ಲಿಗೋಗಿದ್ರಿ?"

"ಉಣ್ಣಕ್ಕೆ ಓಗಿದ್ದೆ ಕಣವ್ವ," ಅಂದೆ. "ನಿಮ್ಮವ್ವನೇ ಕಳಿಸಿದ್ರು."

ಅವಳು ನಂಬಿದಳೋ ಇಲ್ಲವೋ, ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಸಂಜೆಯಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಆದರೆ ಆವತ್ತು ಮಂಚದಂಚಿಗೆ ಜಾರಿದ್ದ ಅಕ್ಕನ ತೋಳನ್ನು ಎತ್ತಿ ಎದೆಯ ಮೇಲಿಟ್ಟವಳು ನಾನು. ನನ್ನ ಕೈ ಹಸಿದಿರಲಿಲ್ಲ.