ಶ್ರೀನಂದನ ಭಟ್ಟರ ಮದುವೆ ಕರೆ

ತನಗೆ ಮದುವೆ ಎಂಬ ಸುದ್ದಿ ಶ್ರೀನಂದನ ಭಟ್ಟರಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು. ಬೆಳಿಗ್ಗೆ ಕಾಲೇಜಿನ ಆಫೀಸಿಗೆ ಕಾಲಿಟ್ಟರೆ ಚಪ್ಪಾಳೆ. ಮೇಜಿನ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟಿ ಮಲ್ಲಿಗೆ.

"ಐವತ್ತಮೂರಕ್ಕಾದರೂ ಬುದ್ಧಿ ಬಂತಲ್ಲ ಭಟ್ರೇ!" ಎಂದರು ಟೈಪಿಸ್ಟ್ ಡೈಸಿ.

ಹಿಂದಿನ ದಿನ ಗುರುತಿಲ್ಲದ ನಂಬರಿನಿಂದ ಲಗ್ನಪತ್ರಿಕೆಯೊಂದು ಬಂದಿತ್ತು. ಯಾರೋ ತನ್ನನ್ನೂ ಕರೆದರಲ್ಲ ಎಂಬ ಸಂತೋಷಕ್ಕೆ ಭಟ್ಟರು ಅದನ್ನು ಒತ್ತಿ ತೆರೆದಿದ್ದರು. ಅವರು ಮಲಗಿದ ಮೇಲೆ ಫೋನು ತಾನೇ ಎದ್ದು, ಅದರಲ್ಲಿ ಹೆಸರಿದ್ದವರಿಗೆಲ್ಲ "ನಮ್ಮ ಮದುವೆಗೆ ಬನ್ನಿ" ಎಂದು ಅದೇ ಫೈಲು ಹಂಚಿತ್ತು. ಇಂಥದನ್ನು ತಡೆಯುವ ಸೆಕ್ಯೂರಿಟಿ ಅಪ್‌ಡೇಟನ್ನು ಫೋನಿನ ಕಂಪೆನಿ ಕಳಿಸಿರಲೇ ಇಲ್ಲ. ಈಗ ಬರುತ್ತದೆ, ಆಗ ಬರುತ್ತದೆ ಎಂದು ಡೇಟು ಕೊಟ್ಟದ್ದೇ ಬಂತು. ಕಾಯುವುದು ಭಟ್ಟರಿಗೆ ಹೊಸತಲ್ಲ. ಊರಿಗೆಲ್ಲ ಮುಹೂರ್ತ ಇಟ್ಟ ಪುರೋಹಿತರ ಮಗ ಅವರು. ಮಗನ ಜಾತಕ ಮಾತ್ರ "ತಿಳಿಸ್ತೇವೆ" ಎಂದವರ ಮನೆಗಳಲ್ಲೇ ಉಳಿದುಹೋಗಿತ್ತು.

ಸಂಜೆ ಕಾವೂರಿನ ಬಾಡಿಗೆ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಕುಲಶೇಖರದ ಮುಕ್ತಾ, ಚಿಕ್ಕಪ್ಪನ ಮಗಳು. ಅವಳ ಸ್ವರ ಕೇಳದೆ ವರ್ಷಗಳೇ ಆಗಿದ್ದವು.

"ನಂದಣ್ಣ, ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ಹುಡುಗಿ ಎಲ್ಲಿಯವಳು?"

"ಹುಡುಗಿಯೂ ಇಲ್ಲ, ಮದುವೆಯೂ ಇಲ್ಲ ಮಾರಾಯ್ತಿ. ಫೋನಿಗೆ ವೈರಸ್."

"ಓ, ಹಾಗಾ," ಎಂದು ಅವಳು ಇಟ್ಟೇಬಿಟ್ಟಳು.

ಎರಡನೆಯ ಕರೆಯಿಂದ ಭಟ್ಟರು ಜಾಣರಾದರು. ಮೊದಲು ಫೋನ್ ಮಾಡಿದವರ ಮನೆಯ ಸುದ್ದಿ ಕೇಳುವುದು, ಅತ್ತೆಯ ಮಂಡಿನೋವು, ಮಗಳ ಪರೀಕ್ಷೆ, ಬಾವಿಯ ನೀರು; ವೈರಸ್ಸು ಕಟ್ಟಕಡೆಗೆ. ಅಂದು ಗಂಜಿ ತಳ ಹಿಡಿಯಿತು, ಕಿವಿ ಬಿಸಿಯಾಯಿತು.

ಮರುದಿನ ಪಂಪ್‌ವೆಲ್‌ನ ಮೊಬೈಲ್ ಅಂಗಡಿಯಲ್ಲಿ ರವೂಫ್ ತಲೆಯಾಡಿಸಿದ. "ಇದಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ ಭಟ್ರೇ. ಬೇರೆ ಫೋನ್ ಸೆಟ್ಟಿಗೆ ನಂಬರ್ ಎಲ್ಲ ಹಾಕಿಕೊಡ್ತೇನೆ. ಆ ಫೈಲ್ ತೆರೆಯಬೇಡಿ ಅಂತ ಎಲ್ಲರಿಗೂ ಒಟ್ಟಿಗೆ ಮೆಸೇಜ್ ಬಿಡ್ಲಾ?"

"ಬೇಡ ಬೇಡ. ಒಬ್ಬೊಬ್ಬರಿಗೇ ಫೋನ್ ಮಾಡಿ ನಾನೇ ಹೇಳ್ತೇನೆ."

"ಅಷ್ಟೂ ಜನಕ್ಕಾ!"

"ಹೇಳಬೇಕಲ್ಲ ಮಾರಾಯ." ಭಟ್ಟರ ಮುಖದಲ್ಲಿ ರಜೆ ಮಂಜೂರಾದವರ ಕಳೆ ಇತ್ತು.

ವಾರ ಕಳೆದು, ಹೊಸ ಸೆಟ್ಟಿನ ಪರದೆಗೆ ಗ್ಲಾಸು ಹಾಕಿಸಲು ಭಟ್ಟರು ಮತ್ತೆ ರವೂಫನ ಅಂಗಡಿಗೆ ಬಂದರು.

"ಎಂತ ಭಟ್ರೇ, ಎಲ್ಲರಿಗೂ ಮಾತಾಡಿ ಆಯ್ತಾ? ಎಂತ ಹೇಳಿದ್ರು?"

"ಎಂತದೂ ಇಲ್ಲ. ನನ್ನ ನಂಬರಿನಿಂದ ಎಂತ ಬಂದರೂ ಮುಟ್ಟಬೇಡಿ ಅಂತ ತಂಗಿ ಮುಕ್ತಾ ಆವತ್ತೇ ಕುಟುಂಬದ ಗ್ರೂಪಿನಲ್ಲಿ ಹಾಕಿದ್ದಾಳೆ. ಎಲ್ಲರೂ ಬ್ಲಾಕ್ ಮಾಡಿದ್ದಾರೆ, ಒಂದು ಫೋನೂ ಹೋಗುವುದಿಲ್ಲ. ಅವರಿಗೆ ಅಪ್‌ಡೇಟ್ ಟೈಮಿಗೆ ಸರಿಯಾಗಿ ಸಿಕ್ಕಿತು."