ಶನಿವಾರ ಸಂಜೆಯ ಬೆಲ್

ಸಿಟ್ಟು ಬಂದರೆ ಅಯ್ಯನವರ ಎಡಗಿವಿ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಬಲಗಿವಿ. ಎರಡೂ ಕೆಂಪಾದವೆಂದರೆ ಎದುರು ನಿಲ್ಲುವ ಹಾಗಿಲ್ಲ. ಘಾಜಿಯಾಬಾದಿನ ಅವರ ಮಗಳ ಫ್ಲ್ಯಾಟಿನ ಕೆಳಗೆ, ಅವರ ಪಾಲಿನ ಜಾಗದಲ್ಲಿ ಎದುರುಮನೆಯವರು ಕಾರು ನಿಲ್ಲಿಸಿದ ದಿನವೆಲ್ಲ ಎರಡೂ ಕೆಂಪು. ಉಡುಪಿ ಕಡೆಯ ಸಭೆಗಳಲ್ಲಿ ನಲವತ್ತು ವರ್ಷ ತಾಳ್ಮೆ ಬೋಧಿಸಿದ ನಿವೃತ್ತ ಪಾದ್ರಿ, ಬಾಲ್ಕನಿಯಿಂದ ಹರಕುಮುರುಕು ಹಿಂದಿಯಲ್ಲಿ ಗುಡುಗುತ್ತಿದ್ದರು.

ತಿಂಗಳ ಮೊದಲ ಭಾನುವಾರ ನಾವು ಹತ್ತು ಹನ್ನೆರಡು ಮಂದಿ ಕನ್ನಡದ ಕ್ರೈಸ್ತರು ಅವರ ಮನೆಯಲ್ಲಿ ಸೇರುತ್ತಿದ್ದೆವು. ಪ್ರಾರ್ಥನೆ, ಆಮೇಲೆ ಕ್ರಿಸ್ತನ ನೆನಪಿಗೆ ರೊಟ್ಟಿ ಹಂಚಿಕೊಳ್ಳುವ ಪ್ರಭುಭೋಜನ. ಯಾರೊಂದಿಗಾದರೂ ಮನಸ್ತಾಪ ಇಟ್ಟುಕೊಂಡು ಆ ರೊಟ್ಟಿಗೆ ಕೈ ಚಾಚಬಾರದೆಂಬುದು ಅವರ ಕಟ್ಟುನಿಟ್ಟು. ಹಾಗಾಗಿ ಹಿಂದಿನ ಶನಿವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರುಮನೆಯ ಬೆಲ್ ಒತ್ತಿ ಕ್ಷಮೆ ಕೇಳುತ್ತಿದ್ದರು.

"ಆಯಿಯೇ ಪಾದ್ರಿಜೀ, ಚಾಯ್ ತಯ್ಯಾರ್ ಹೈ," ಎಂದು ಆ ಮನುಷ್ಯ ನಗುತ್ತಿದ್ದ. ಮಂಗಳವಾರದ ಹೊತ್ತಿಗೆ ಮತ್ತೆ ಕಿವಿ ಕೆಂಪು.

ನಾನಾಗ ಮುಖರ್ಜಿ ನಗರದ ಪಿಜಿಯಲ್ಲಿದ್ದು ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದೆ. ಮೊದಲ ಸಲ ಪ್ರಿಲಿಮ್ಸ್ ಫೇಲಾದಾಗ ಅಮ್ಮನಿಗೆ ಪಾಸ್ ಎಂದುಬಿಟ್ಟೆ. ಹದಿನೈದು ದಿನ ಒದ್ದಾಡಿ, ನಿಜ ಹೇಳಿ, ಅತ್ತು, ಇನ್ನೆಂದೂ ಸುಳ್ಳಾಡುವುದಿಲ್ಲವೆಂದು ಬೈಬಲ್ ಮುಟ್ಟಿ ಆಣೆ ಇಟ್ಟೆ. ಮರುವರ್ಷ ಮತ್ತೆ ಫೇಲು, ಮತ್ತೆ "ಪಾಸ್ ಅಮ್ಮಾ!" ಅಮ್ಮ ಊರಿನ ಚರ್ಚಿನಲ್ಲಿ ನನ್ನ ಹೆಸರಲ್ಲಿ ಕೃತಜ್ಞತಾ ಪ್ರಾರ್ಥನೆ ಮಾಡಿಸಿದರು. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗಿತ್ತು.

ಆ ತಿಂಗಳು ನಾನು ರೊಟ್ಟಿ ತೆಗೆದುಕೊಳ್ಳಲಿಲ್ಲ. ಎಲ್ಲರೂ ಹೋದ ಮೇಲೆ ಅಯ್ಯನವರು ನನ್ನನ್ನು ಕೂರಿಸಿಕೊಂಡು ಯಾಕೆಂದು ಕೇಳಿದರು. ಹೇಳುತ್ತ ಹೇಳುತ್ತ ಅವರ ಕಿವಿಯನ್ನೇ ನೋಡುತ್ತಿದ್ದೆ. ಕೆಂಪಾಗಲಿಲ್ಲ.

"ಮಗಾ, ಹೋದ ವರ್ಷ ನೀನು ಬಿಟ್ಟದ್ದು ಸುಳ್ಳನ್ನು ಮಾತ್ರ. ಸುಳ್ಳು ಯಾಕೆ ಬೇಕಿತ್ತೋ ಅದನ್ನು ಬಿಡ್ಲಿಲ್ಲ. ಒಳ್ಳೇ ಹುಡುಗಿ ಅಂತ ಅನ್ನಿಸ್ಕೊಳ್ಬೇಕು ನಿಂಗೆ. ಅದಕ್ಕೇ ಮತ್ತೆ ಅಲ್ಲಿಗೇ ಹೋದಿ."

"ಮತ್ತೆ ನಿಮ್ಮ ಕಾರಿನ ಜಗಳ?" ಉದ್ಧಟತನದಿಂದ ಕೇಳಿಬಿಟ್ಟೆ.

ಅವರು ಜೋರಾಗಿ ನಕ್ಕರು. "ಅದೂ ಇದೇ ರೋಗ ಮಾರಾಯ್ತಿ. ಅಲ್ಲಿ ನಿಲ್ಲಿಸ್ಲಿಕ್ಕೆ ನಮ್ಮ ಮನೆಯಲ್ಲಿ ಕಾರೇ ಇಲ್ಲ! ಊರಲ್ಲಿ ಎಲ್ಲರೂ ಎದ್ದು ನಿಂತು ನಂಗೆ ದಾರಿ ಬಿಡ್ತಿದ್ರು. ಇಲ್ಲಿ ಯಾರೂ ಬಿಡುದಿಲ್ಲ. ಸಿಟ್ಟಿನ ಬುಡದಲ್ಲಿ ಗರ್ವ ಉಂಟು. ಅದನ್ನು ಕೀಳ್ಲಿಕ್ಕೆ ನನ್ನ ಕೈಲಿ ಆಗುದಿಲ್ಲ, ಅದು ಕರ್ತನ ಕೆಲಸ. ಬೆಲ್ ಒತ್ತುದು ನನ್ನ ಕೆಲಸ."

"ಎಷ್ಟು ಸಲ ಅಯ್ಯನವರೇ?"

"ಬಿದ್ದಷ್ಟು ಸಲ."

ನನ್ನ ಫೋನನ್ನು ನನ್ನ ಮುಂದೆ ಸರಿಸಿದರು. ಅಲ್ಲೇ ಕೂತು ಅಮ್ಮನಿಗೆ ಹೇಳಿದೆ. "ಚರ್ಚಿನವರಿಗೆ ಈಗ ನಾನು ಏನು ಹೇಳ್ಲಿ?" ಎಂದವರೇ ಅಮ್ಮ ಫೋನ್ ಇಟ್ಟರು. ಎಂಟು ದಿನ ನನ್ನ ಕರೆ ಎತ್ತಲಿಲ್ಲ. ಎಲ್ಲ ಸರಿಹೋಗುತ್ತದೆಂದು ಅಯ್ಯನವರು ಒಮ್ಮೆಯೂ ಸಮಾಧಾನ ಹೇಳಲಿಲ್ಲ. ದಿನಾ ಸಂಜೆ ಫೋನ್ ಮಾಡಿ "ಇವತ್ತು ಮಾಡಿದ್ಯಾ?" ಎಂದಷ್ಟೇ ಕೇಳುತ್ತಿದ್ದರು. ಒಂಬತ್ತನೆಯ ದಿನ ಅಮ್ಮ ಎತ್ತಿದರು.

ಕಳೆದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅಯ್ಯನವರು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಬೆಳಿಗ್ಗೆಯೇ ಎದುರುಮನೆಯಾತ ತನ್ನ ಕಾರನ್ನು ರಸ್ತೆಗೆ ಒಯ್ದಿದ್ದ. ಶವದ ಗಾಡಿ ಆ ಜಾಗದಲ್ಲೇ ನಿಂತಿತು. ಆತ ಅದರ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

ನಾನು ಸುಧಾರಿಸಿದ್ದೇನೆ ಎಂದರೆ ಅದೂ ಸುಳ್ಳೇ. ಬಾಯಿಗೆ ಮೊದಲು ಬರುವುದು ಈಗಲೂ ಅದೇ. ನಿನ್ನೆ ಮಧ್ಯಾಹ್ನ ಅಮ್ಮ "ಊಟ ಆಯ್ತಾ?" ಎಂದಾಗ, ಬೆಳಗಿನಿಂದ ಬರೀ ಚಹಾದಲ್ಲಿದ್ದವಳು "ಆಯ್ತು" ಎಂದು ಫೋನ್ ಇಟ್ಟೆ. ಕೋಣೆಯಲ್ಲಿ ನಾಲ್ಕು ಸುತ್ತು ತಿರುಗಿದೆ. ಮತ್ತೆ ಫೋನ್ ಮಾಡಿದೆ.

"ಅಮ್ಮಾ, ಊಟ ಆಗಿಲ್ಲ."

"ಗೊತ್ತಿತ್ತು," ಎಂದರು ಅಮ್ಮ. "ಮತ್ತೆ ಮಾಡ್ತೀ ಅಂತ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ."